ಐದು ನಲವತ್ತರ ಗಾಡಿ

ಆಗಸ್ಟ್ 9

ನಾದವೇ ಮಾಡದ ನಾದಿನಿಗೆ,

ನಾಲ್ಕು ವರ್ಷದ ಮೇಲೆ ಭಾವನ ಅಕ್ಷರ ಕಂಡು ಈ ಕಾಗದವನ್ನು ಹರಿಯುವುದಾದರೆ ಅಡ್ಡಕ್ಕೆ ಹರಿ, ಉದ್ದಕ್ಕೆ ಬೇಡ. ಸಾಲುಗಳಾದರೂ ಪೂರ್ತಿ ಉಳಿಯುತ್ತವೆ. ಫೋನ್ ಮಾಡಬಹುದಿತ್ತು. ಆದರೆ ಫೋನ್ ಇಡಲು ನಿನಗೆ ಅರೆಕ್ಷಣ ಸಾಕು. ಕಾಗದ ಇಡಲು ಜಾಗ ಹುಡುಕಬೇಕು. ಅಷ್ಟರಲ್ಲಿ ಎರಡು ಸಾಲು ಓದಿರುತ್ತೀಯ.

ನನ್ನ ಈಗಿನ ಕೆಲಸ ನಿನಗೆ ಗೊತ್ತು. ರೈಲು ಓಡಿಸುವ ಪರವಾನಗಿ ಕಳೆದುಕೊಂಡವನನ್ನು ಇಲಾಖೆ ಕಳೆದ ವಸ್ತುಗಳ ಕೋಣೆಗೇ ಹಾಕಿತು. ನೂರ ಹನ್ನೆರಡು ಕೊಡೆ, ಒಂದು ಹಲ್ಲಿನ ಸೆಟ್ಟು, ನಾನು. ಯಾರನ್ನೂ ಕೇಳಿಕೊಂಡು ಯಾರೂ ಬರುವುದಿಲ್ಲ. ಮನೆ ಮೂರನೇ ಮಹಡಿ. ಕಿಟಕಿಯ ಎದುರಿಗೆ ಗೋಡೆ. ಕೂತಲ್ಲಿ ಕೂರಲಾಗದು. ಬಲಗಾಲು ತನ್ನ ಪಾಡಿಗೆ ನೆಲ ಒತ್ತುತ್ತಿರುತ್ತದೆ. "ಬ್ರೇಕ್ ಬಿಡಿ ಸ್ವಾಮಿ, ಕೆಳಗಿನ ಮನೆಯವರು ಮೇಲೆ ಬರ್ತಾರೆ" ಅನ್ನುತ್ತಾಳೆ ನಿನ್ನಕ್ಕ.

ಈಗ ವಿಷಯ. ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟವೊಂದಿದೆ. ನಿಜವಾದ ಮಾರ್ಗ, ನಿಜವಾದ ತಿರುವು, ನಿಜವಾದ ಹವಾಮಾನ. ಚಾಲಕ ಮಾತ್ರ ಪೈಜಾಮದಲ್ಲಿ. ಆ ಕಂಪನಿಯವರು ವರ್ಷಕ್ಕೊಂದು ಹೊಸ ಮಾರ್ಗವನ್ನು ಆಟಗಾರರ ಪ್ರಸ್ತಾವಗಳಿಂದಲೇ ಆರಿಸುತ್ತಾರೆ. ನಾನು ನಮ್ಮ ಕಡಲ ಮಾರ್ಗವನ್ನು ಕಳಿಸುತ್ತಿದ್ದೇನೆ. ಅರವತ್ತೆರಡು ಕಿಲೋಮೀಟರು, ಹನ್ನೆರಡು ಸೇತುವೆ, ನಾಲ್ಕು ಸುರಂಗ. ಕೊನೆಯ ಸುರಂಗ ಸುರಂಗವಲ್ಲ, ಸು-ರಂಗ. ಕತ್ತಲು ಮುಗಿದದ್ದೇ ಪರದೆ ಎತ್ತಿದ ಹಾಗೆ ಕಡಲು. ಕಡೆಯ ನಿಲ್ದಾಣದಲ್ಲಿ ನೀನು. ಪ್ರಸ್ತಾವಕ್ಕೆ ಪ್ರತಿ ತಿರುವಿನ ಅಳತೆ, ಪ್ರತಿ ಸಿಗ್ನಲ್ಲಿನ ಫೋಟೋ ಬೇಕು. ನಾನು ಆ ಹಳಿಗೆ ಕಾಲಿಡುವಂತಿಲ್ಲ. ನೀನು ಸ್ಟೇಷನ್ ಮಾಸ್ತರು. ಟ್ರಾಲಿ ಇದೆ, ಟ್ರಾಲಿ ತಳ್ಳಲು ನಿನ್ನ ಆಳು ಮೈಲಿಗಲ್ಲು ಇದ್ದಾನೆ. ನವೆಂಬರ್ ಮೂವತ್ತು ಕಡೇ ದಿನ.

ಹಳೆಯದನ್ನು ಎತ್ತುವುದಿಲ್ಲ. ಆ ಅಕ್ಟೋಬರ್ ಹದಿನಾರರ ಸಂಜೆ ನಾನು ನಿನ್ನ ಕೆಂಪು ದೀಪ ದಾಟಿ ಬಂದು ಖಾಲಿ ಗೂಡ್ಸ್ ಡಬ್ಬಿಗಳಿಗೆ ಮುತ್ತಿಟ್ಟದ್ದು, ಒಬ್ಬರ ಕೊರಳೆಲುಬು ಮುರಿದದ್ದು, ವಿಚಾರಣೆಯಲ್ಲಿ ನೀನು "ದೀಪ ಯಾವಾಗಲೂ ಸ್ಪಷ್ಟವಾಗಿ ಕಾಣುತ್ತೆ" ಅಂದದ್ದು, ಯಾವುದನ್ನೂ ಎತ್ತುವುದಿಲ್ಲ. ನೋಡು, ಎತ್ತಲೇ ಇಲ್ಲ.

ಅಕ್ಕ ನಿನಗೆ ಹಾರ್ದಿಕ ಶುಭಾಶಯ ತಿಳಿಸಿದ್ದಾಳೆ.

ಭಾವ

ಆಗಸ್ಟ್ 27

ಭಾವ,

ಹರಿಯಲಿಲ್ಲ. ಮಡಚಿ ಕಾಲು ಕುಂಟುತ್ತಿದ್ದ ಮೇಜಿನ ಕೆಳಗೆ ಇಟ್ಟಿದ್ದೆ. ಎರಡು ವಾರ ಮೇಜು ಅಲುಗಾಡಲಿಲ್ಲ, ನಾನು ಅಲುಗಾಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕ "ಹಾರ್ದಿಕ ಶುಭಾಶಯ" ಎಂದು ಹುಟ್ಟಿದಾಗಿನಿಂದ ಯಾರಿಗೂ ಹೇಳಿದವಳಲ್ಲ. ನನ್ನ ಮದುವೆ ಮುರಿದಾಗ "ಒಳ್ಳೇದಾಯ್ತು, ಅವನ ಮೂಗು ಸರಿಯಿರಲಿಲ್ಲ" ಅಂದವಳು. ನೀವು ಬರೆದದ್ದು ಅವಳಿಗೆ ಗೊತ್ತಿಲ್ಲ ಎಂದು ಇದರಿಂದ ತಿಳಿಯಿತು. ಆದ್ದರಿಂದ ಈ ಕಾಗದ ನಿಮ್ಮ ಕಚೇರಿಗೆ ಬರುತ್ತದೆ, ಕೊಡೆಗಳ ನಡುವೆ ಹುಡುಕಿಕೊಳ್ಳಿ.

ಅಳತೆ ಮಾಡುತ್ತೇನೆ. ಷರತ್ತು ಎರಡು. ಫೋನ್ ಬೇಡ. ಅಕ್ಕನ ಬಾಯಲ್ಲಿ ನೀವು ಮಾತಾಡಬೇಡಿ.

ಆ ಕಂಪನಿಯ ನಮೂನೆ ಕಳಿಸಿ. ಯಾಕೆ ಒಪ್ಪಿದೆ ಎಂದು ಕೇಳಬೇಡಿ. ಮೈಲಿಗಲ್ಲು ಕೇಳಿದ; ಅವನಿಗೂ ಹೇಳಿಲ್ಲ.

ಸೆಪ್ಟೆಂಬರ್ 8

ನಾದಿನಿ,

ನಿನ್ನ ಪತ್ರವನ್ನು ನಮ್ಮ ಗುಮಾಸ್ತ "ಲಕೋಟೆ, ಒಂದು, ವಾರಸುದಾರರಿಲ್ಲ" ಎಂದು ದಾಖಲೆ ಮಾಡಿ ಹಲ್ಲಿನ ಸೆಟ್ಟಿನ ಪಕ್ಕದಲ್ಲಿ ಇಟ್ಟಿದ್ದ. ಆರು ದಿನ ಅಲ್ಲೇ ನಗುತ್ತಾ ಕೂತಿತ್ತು. ನಾನು ಗುರುತಿನ ಚೀಟಿ ತೋರಿಸಿ ಬಿಡಿಸಿಕೊಂಡೆ.

ನಮೂನೆ ಇದರೊಂದಿಗಿದೆ. ಹನ್ನೊಂದನೇ ಕಲಂ ಅತಿ ಮುಖ್ಯ: ಪ್ರತಿ ಸಿಗ್ನಲನ್ನೂ ಚಾಲಕನ ಕಣ್ಣಿನ ಎತ್ತರದಿಂದ, ಗಾಡಿ ಬರುವ ಹೊತ್ತಿಗೇ ನೋಡಿ, ನೋಡಿದವರು ಸಹಿ ಹಾಕಬೇಕು. ಏಣಿ ಬೇಕಾಗುತ್ತದೆ. ಮೈಲಿಗಲ್ಲನ್ನು ಹಿಡಿದುಕೊಳ್ಳಲು ಹೇಳು. ಅಲುಗದೆ ನಿಲ್ಲುವುದೊಂದೇ ಅವನಿಗೆ ಬರುವ ವಿದ್ಯೆ, ಹೆಸರೂ ಅದಕ್ಕೇ ಬಂದದ್ದು.

ನಾನು ನೆನಪಿನಿಂದಲೇ ಅರ್ಧ ಮಾರ್ಗ ಕಟ್ಟಿದ್ದೇನೆ. ಹದಿನೇಳನೇ ಕಿಲೋಮೀಟರಿನಲ್ಲಿ ಹಳಿ ಬಂಡೆಯನ್ನು ಬಳಸಿಕೊಂಡು ಹೋಗುತ್ತದಲ್ಲ, ಅಲ್ಲಿ ಅಲೆ ಎದ್ದರೆ ಕಿಟಕಿಗೆ ತುಂತುರು ಬೀಳುತ್ತಿತ್ತು. ಅದನ್ನೂ ಹಾಕಿದ್ದೇನೆ. ದಿನಾ ಕಚೇರಿಯಿಂದ ಬಂದವನೇ ಬೆಳಗಿನ ಏಳು ಹತ್ತರ ಗಾಡಿ ಓಡಿಸುತ್ತೇನೆ. ನಿನ್ನ ನಿಲ್ದಾಣದಲ್ಲಿ ಕೂದಲೆಳೆಯಷ್ಟೂ ಹಿಂದೆ ಮುಂದೆ ಆಗದಂತೆ ನಿಲ್ಲಿಸುತ್ತೇನೆ. ನಿನ್ನಕ್ಕ ನೋಡಿ, "ಆಟದಲ್ಲಿ ಎಲ್ಲರೂ ಒಳ್ಳೆಯವರೇ" ಅಂದಳು. ಇದು ಅವಳದೇ ಮಾತು, ನನ್ನದಲ್ಲ, ಧಾಟಿಯಿಂದ ಗೊತ್ತಾಗಬೇಕು.

ಭಾವ

ಅಕ್ಟೋಬರ್ 3

ಭಾವ,

ನಲವತ್ತೊಂದನೇ ಕಿಲೋಮೀಟರಿನ ತನಕದ ಅಳತೆ ಕಳಿಸಿದ್ದೇನೆ. ನಿಮ್ಮ ನೆನಪಿನಲ್ಲಿರುವ ತಿರುವುಗಳು ನಿಜಕ್ಕಿಂತ ದೊಡ್ಡವು, ಸೇತುವೆಗಳು ಉದ್ದ. ಪ್ರೇಮಪತ್ರ ಓದಿ ಮದುಮಗಳನ್ನು ಅಳೆದ ಹಾಗಿದೆ. ತಿದ್ದಿ.

ಏಣಿಯ ಮೇಲೆ ನಾನು, ಏಣಿ ಹಿಡಿದು ಮೈಲಿಗಲ್ಲು. ನಿನ್ನೆ ಅವನಿಗೆ ಸೀನು ಬಂತು. ಅವನು ಸೀನುವ ಮುಂಚೆ ಅನುಮತಿ ಕೇಳಿದ: "ಅಮ್ಮಾ, ಅಲುಗಲಾ?" ಬೇಡ ಅಂದೆ. ತಡೆದುಕೊಂಡ. ಸಂಜೆ ಒಟ್ಟಿಗೆ ಹದಿನಾಲ್ಕು ಸಲ ಸೀನಿದ.

ಒಂದು ಪ್ರಶ್ನೆ. ನಿಮ್ಮ ಪಟ್ಟಿಯಲ್ಲಿ ಏಳು ಹತ್ತರ ಗಾಡಿ ಇದೆ, ಹತ್ತೂವರೆಯದು ಇದೆ, ಮಧ್ಯಾಹ್ನದ ಗೂಡ್ಸ್ ಕೂಡ ಇದೆ. ಸಂಜೆ ಐದು ನಲವತ್ತಕ್ಕೆ ನನ್ನಲ್ಲಿಗೆ ಬರುವ ಗಾಡಿ ಎಲ್ಲಿ? ಜನ ಕ್ಯಾಮೆರಾ ಹಿಡಿದು ಬಾಗಿಲಲ್ಲಿ ನೇತಾಡುವುದು ಅದರಲ್ಲೇ. ನೋಟಕ್ಕಾಗಿ ಮಾರ್ಗ ಮಾರುವವರು ನೋಟವನ್ನೇ ಬಿಟ್ಟಿದ್ದೀರಿ.

ಅಕ್ಟೋಬರ್ 9

ನಾದಿನಿ,

ಐದು ನಲವತ್ತರ ಗಾಡಿ ಬೇಡ. ಕಾರಣ ಮೂರು. ಸಂಜೆಯ ಬೆಳಕನ್ನು ಕಂಪ್ಯೂಟರ್ ಸರಿಯಾಗಿ ತೋರಿಸುವುದಿಲ್ಲ. ಆಟಗಾರರಿಗೆ ಬೆಳಗು ಇಷ್ಟ. ಮೂರನೆಯದು ಬರೆಯುವಷ್ಟರಲ್ಲಿ ಮರೆತುಹೋಯಿತು.

ನಿನ್ನ ನಿಲ್ದಾಣದ ಸಿಗ್ನಲ್ಲಿನ ಫೋಟೋವನ್ನು ಬೆಳಿಗ್ಗೆಯೇ ತೆಗೆದು ಕಳಿಸಿಬಿಡು. ಸಂಜೆ ಹೋಗಿ ನಿಲ್ಲುವ ತೊಂದರೆ ತೆಗೆದುಕೊಳ್ಳಬೇಡ. ದಯವಿಟ್ಟು.

ಭಾವ

ಅಕ್ಟೋಬರ್ 20

ಭಾವ,

ಉಳಿದ ಅಳತೆಗಳೆಲ್ಲ ಇದರಲ್ಲಿವೆ. ನಾಲ್ಕನೇ ಸುರಂಗದ ಬಾಯಿ, ಆಮೇಲಿನ ತಿರುವು, ಹಳಿ ಯಾವ ದಿಕ್ಕಿಗೆ ಎಷ್ಟು ಅಂಶ ತಿರುಗಿದೆ, ಸಿಗ್ನಲ್ ಕಂಬದ ಎತ್ತರ, ಎಲ್ಲ ಎರಡೆರಡು ಸಲ ಅಳೆದದ್ದು.

ಐದು ನಲವತ್ತರ ಗಾಡಿ ಸೇರಲೇಬೇಕು. ಸೇರಿಸುವುದಿಲ್ಲವಾದರೆ ನನ್ನ ಅಳತೆಗಳನ್ನು ಹಿಂದಕ್ಕೆ ಕಳಿಸಿ. ಕಾರಣ ಕೇಳಬೇಡಿ.

ಅಕ್ಟೋಬರ್ 28

ಸ್ಟೇಷನ್ ಮಾಸ್ತರವರಿಗೆ,

ಸೇರಿಸಿದ್ದೇನೆ. ಗಾಯಕ್ಕೆ ಉಪ್ಪು ಹಾಕುವವರು ಕನಿಷ್ಠ ಉಪ್ಪಿನ ತೂಕವನ್ನೂ ಎರಡೆರಡು ಸಲ ನೋಡಿ ಹಾಕುತ್ತಾರೆಂದು ಈಗ ಗೊತ್ತಾಯಿತು.

ನಾಲ್ಕು ವರ್ಷ ನಾನು ಒಂದು ಜೋಕಿನಿಂದ ಇನ್ನೊಂದು ಜೋಕಿಗೆ ಹಾರಿಕೊಂಡು ಬದುಕಿದ್ದೇನೆ. ಹಳಿಯ ಮೇಲಿದ್ದಾಗ ಯಾರೂ ಹೊಗಳಲಿಲ್ಲ. ಇಳಿದ ಮೇಲೆ ಎಲ್ಲರೂ ಹಳಿದರು. ತಡೆದುಕೊಂಡೆ. ಆದರೆ ಆ ಗಾಡಿಯನ್ನೇ ತಂದು ನನ್ನ ಮನೆಯ ಮೇಜಿನ ಮೇಲೆ ನಿಲ್ಲಿಸು ಎಂದು ನೀನು ಹಟ ಹಿಡಿಯುವೆ ಎಂದುಕೊಂಡಿರಲಿಲ್ಲ. ವಿಚಾರಣೆ ಒಂದು ಸಲ ನಡೆದರೆ ಸಾಲದೆ?

ಇನ್ನೊಂದು ಮಾತು. ಹನ್ನೊಂದನೇ ಕಲಮಿನಲ್ಲಿ ಎಲ್ಲ ಸಿಗ್ನಲ್ಲುಗಳಿಗೂ ನಿನ್ನ ಸಹಿ ಇದೆ, ಕೊನೆಯದಕ್ಕಿಲ್ಲ. ಆವತ್ತು ವಿಚಾರಣೆಯ ಕಾಗದಕ್ಕೆ ಸಹಿ ಹಾಕುವಾಗ ಪೆನ್ನು ಚೆನ್ನಾಗಿಯೇ ಓಡಿತ್ತು. ಈಗ ಶಾಯಿ ಮುಗಿಯಿತೋ? ಖಾಲಿ ಬಿಟ್ಟೇ ಕಳಿಸುತ್ತೇನೆ. ಆ ಗಾಡಿಯನ್ನು ನಾನು ಓಡಿಸಿ ನೋಡುವುದಿಲ್ಲ; ಕಂಪನಿಯವರು ನೋಡಿಕೊಳ್ಳಲಿ.

ನಿನ್ನ ಅಕ್ಕನ ಗಂಡ

ಡಿಸೆಂಬರ್ 22

ನಾದಿನಿ,

ಪ್ರಸ್ತಾವ ಹೋಗಿ ಒಂದು ತಿಂಗಳಾಯಿತು. ನಿನ್ನಿಂದ ಪತ್ರ ಬಂದು ಎರಡು ತಿಂಗಳಾಯಿತು. ಆ ಪತ್ರ ಬರೆದವನು ನಾನೇ, ಆದರೆ ನನ್ನ ಬಲಗಾಲು ಬರೆಸಿತು ಅಂದುಕೋ.

ಕೋಣೆಯಲ್ಲಿ ಅತ್ತಿತ್ತ ಓಡಾಡಿ ಈಗ ಚಾಪೆಯ ಮೇಲೆ ಜೋಡುಮಾರ್ಗ ಬಿದ್ದಿದೆ. ಕಚೇರಿಯಲ್ಲಿ ಅಂಚೆಯವನ ಹೆಜ್ಜೆಯ ಸದ್ದಿಗೆ ಎದ್ದು ನಿಲ್ಲುತ್ತೇನೆ; ಅವನು ಪಕ್ಕದ ಕೋಣೆಯಿಂದಲೇ ತಿರುಗಿಕೊಳ್ಳುತ್ತಾನೆ. ನೀನು ನನ್ನನ್ನು ಬಿಟ್ಟೆ ಅಂತಲೇ ಲೆಕ್ಕ ಹಾಕಿದ್ದೇನೆ. ನಾದಿನಿಗೆ ಭಾವನ ಅಭಾವ ಹೊಸದೇನಲ್ಲ.

ಹೀಗಿರುವಾಗ ನಿಜ ಹೇಳಿಬಿಡುತ್ತೇನೆ. ವಿಚಾರಣೆಯಲ್ಲಿ ನಾನು "ದೀಪ ಕಾಣಲಿಲ್ಲ" ಅಂದೆ. ಅವರು ಡಿಸೆಂಬರಿನ ಒಂದು ಬೆಳಿಗ್ಗೆ ಹಳಿಯ ಮೇಲೆ ನಿಂತು ನೋಡಿ "ನಾನೂರು ಮೀಟರಿನಿಂದ ಕಾಣುತ್ತೆ" ಅಂದರು. ಆವತ್ತಿನಿಂದ ನನ್ನ ಮಾತು ನನಗೇ ಸುಳ್ಳಾಗುತ್ತಾ ಬಂತು. ಕಾಣದೆ ಇರಲು ಸಾಧ್ಯವಿಲ್ಲದ್ದು ಕಾಣಲಿಲ್ಲ ಅಂದರೆ ನಾನು ನೋಡಿಲ್ಲ ಎಂದೇ ಅರ್ಥ. ಸುರಂಗದಿಂದ ಹೊರಬಂದಾಗ ಕಡಲೆಲ್ಲ ಬಂಗಾರವಾಗಿತ್ತು, ಅಷ್ಟು ನೆನಪಿದೆ. ಕಡಲು ನೋಡುತ್ತಾ ಮೈಮರೆತಿದ್ದೆ ಎಂದು ಈಗ ನನಗೆ ನಾನೇ ಒಪ್ಪಿಸಿಬಿಟ್ಟಿದ್ದೇನೆ. ಅದಕ್ಕೇ ಆ ಗಾಡಿ ಬೇಡ ಅಂದದ್ದು. ಮತ್ತೆ ಓಡಿಸಿ, ದೀಪ ಚೆನ್ನಾಗಿ ಕಂಡುಬಿಟ್ಟರೆ?

ಆವತ್ತು ನಿನ್ನಕ್ಕ ಆಸ್ಪತ್ರೆಯ ಬಾಗಿಲಲ್ಲಿ ಒಂದೇ ಮಾತು ಕೇಳಿದ್ದಳು: "ಕಣ್ಣು ಎಲ್ಲಿಟ್ಟಿದ್ರಿ?" ನಿನ್ನ ಜೊತೆ ಮಾತು ಬಿಟ್ಟದ್ದು ನನ್ನ ಪರವಾಗಿ, ಆದರೆ ಆ ಪ್ರಶ್ನೆಯನ್ನೂ ಬಿಟ್ಟಿಲ್ಲ.

ಉತ್ತರ ಬರೆ. ಬೈದಾದರೂ ಬರೆ.

ಭಾವ

ಜನವರಿ 19

ನಾದಿನಿ,

ಕೂತುಕೊಂಡು ಓದು. ಕಂಪನಿಯ ಪತ್ರ ಇದ್ದಂತೆಯೇ ಬರೆದು ಕಳಿಸುತ್ತಿದ್ದೇನೆ.

"ನಿಮ್ಮ ಕಡಲ ಮಾರ್ಗ ಕೊನೆಯ ಸುತ್ತಿನ ಮೂರರಲ್ಲಿ ಒಂದಾಗಿದೆ. ಆದರೆ ಒಂದು ದೋಷವಿದೆ. ಹನ್ನೊಂದು ಪರೀಕ್ಷಕರು ಐದು ನಲವತ್ತರ ಗಾಡಿಯನ್ನು ವರ್ಷದ ಬೇರೆ ಬೇರೆ ದಿನಗಳಲ್ಲಿ ಓಡಿಸಿದರು. ಅಕ್ಟೋಬರ್ ಮಧ್ಯಭಾಗದಲ್ಲೂ ಫೆಬ್ರವರಿ ಕೊನೆಯಲ್ಲೂ ಒಂಬತ್ತು ಮಂದಿ ಕೊನೆಯ ಸಿಗ್ನಲ್ ಕೆಂಪಾಗಿದ್ದಾಗ ದಾಟಿ ಹೋದರು. ಆ ದಿನಗಳಲ್ಲಿ ಸೂರ್ಯ ಸರಿಯಾಗಿ ದೀಪದ ಹಿಂದೆಯೇ ಇರುವುದರಿಂದ, ನೀರಿನ ಹೊಳಪೂ ಸೇರಿ, ಚಾಲಕನಿಗೆ ಕೆಂಪು ಕಾಣುವುದಿಲ್ಲ. ನಿಜವಾದ ರೈಲುಮಾರ್ಗದಲ್ಲಿ ಯಾರೂ ಸಿಗ್ನಲನ್ನು ಹೀಗೆ ಇಟ್ಟಿರಲಾರರು. ದಯವಿಟ್ಟು ಸಿಗ್ನಲನ್ನಾಗಲಿ ಸೂರ್ಯನನ್ನಾಗಲಿ ಸರಿಪಡಿಸಿ ಮಾರ್ಚ್ 15ರೊಳಗೆ ಕಳಿಸಿ."

ಉಳಿದಿಬ್ಬರು ದೀಪ ಕಂಡು ನಿಂತವರಲ್ಲ. ಸುರಂಗದೊಳಗೇ ಹಳಿ ತಪ್ಪಿದವರಂತೆ.

ನಾನು ಸೂರ್ಯನನ್ನು ಹಾಕಿರಲಿಲ್ಲ. ನಿನ್ನ ದಿಕ್ಕು, ನಿನ್ನ ಅಂಶ, ನಿನ್ನ ಎತ್ತರ ಕೊಟ್ಟೆ. ಸೂರ್ಯ ತಾನಾಗಿ ಬಂದು ತನ್ನ ಜಾಗದಲ್ಲಿ ನಿಂತ.

ಪತ್ರ ಹಿಡಿದು ನಿಂತಿದ್ದೆ. ಎರಡು ಕಾಲೂ ಅಲುಗುತ್ತಿರಲಿಲ್ಲ. ನಿನ್ನಕ್ಕನಿಗೆ ಅದರಿಂದಲೇ ಭಯವಾಯಿತು. "ಏನು ಬಂತು? ಯಾರಿಗೇನಾಯ್ತು?" ಅಂದಳು. ಎಲ್ಲ ಹೇಳಿದೆ, ನಿನ್ನ ಪತ್ರಗಳನ್ನೂ ತೋರಿಸಿದೆ. ಅವಳು ಓದಲಿಲ್ಲ. ನೇರ ಹೋಗಿ ನನ್ನ ಕುರ್ಚಿಯಲ್ಲಿ ಕೂತಳು.

"ಬ್ರೇಕ್ ಯಾವುದು?"

ತೋರಿಸಿದೆ. ಅಕ್ಟೋಬರ್ ಹದಿನಾರು, ಐದು ನಲವತ್ತು ಎಂದು ಅವಳೇ ಒತ್ತಿದಳು. ತುಂಬ ನಿಧಾನವಾಗಿ ಓಡಿಸಿದಳು, ಮೂಗು ಪರದೆಗೆ ತಗಲುವ ಹಾಗೆ. ಸುರಂಗ ಮುಗಿಯಿತು.

"ಎಲ್ಲಿ ರೀ ನಿಮ್ಮ ದೀಪ?"

"ನೀನು ಆಗಲೇ ದಾಟಿ ಬಂದೆ," ಅಂದೆ.

ಡಬ್ಬಿಗಳಿಗೆ ಗುದ್ದಿದ ಮೇಲೂ ಕೈಯನ್ನು ಬ್ರೇಕಿನಿಂದ ತೆಗೆಯಲಿಲ್ಲ. ಆಮೇಲೆ ನನ್ನ ಕಡೆ ತಿರುಗದೆ ಹೇಳಿದಳು: "ನಾಲ್ಕು ವರ್ಷದ ಹಿಂದೆ ಒಂದು ಪ್ರಶ್ನೆ ಕೇಳಿದ್ದೆ. ಅದನ್ನ ವಾಪಸ್ ಕೊಡಿ." ಕಳೆದ ವಸ್ತುಗಳ ಕಚೇರಿಯಿಂದ ಮೊದಲ ಸಲ ಒಂದು ವಸ್ತು ವಾರಸುದಾರರ ಕೈ ಸೇರಿತು.

ಈಗ ನಿನ್ನನ್ನು ಒಂದು ಮಾತು ಕೇಳಬೇಕು. ನೀನು ಅಕ್ಟೋಬರಿನಲ್ಲಿ ಏಣಿ ಹತ್ತಿ ನೋಡಿದ್ದೆ. ನಿನಗೆ ಗೊತ್ತಿತ್ತು; ಕೊನೆಯ ಸಹಿ ಹಾಕದೆ ಬಿಟ್ಟದ್ದು ಅದಕ್ಕೇ. ಮೂರು ತಿಂಗಳು ಯಾಕೆ ಸುಮ್ಮನಿದ್ದೆ?

ಭಾವ

ಫೆಬ್ರವರಿ 2

ಭಾವ,

ಗೊತ್ತಿತ್ತು. ಅಕ್ಟೋಬರ್ ಹದಿನಾರು, ಐದು ನಲವತ್ತು. ಗಾಡಿಯನ್ನು ಹಿಂದಿನ ನಿಲ್ದಾಣದಲ್ಲೇ ಹತ್ತು ನಿಮಿಷ ತಡೆಹಿಡಿಸಿ, ಸುರಂಗದ ಬಾಯಲ್ಲಿ ಟ್ರಾಲಿ ನಿಲ್ಲಿಸಿ, ಏಣಿ ಹತ್ತಿದೆ. ದೀಪ ಕೆಂಪಾಗಿದೆ ಎಂದು ನನಗೆ ಗೊತ್ತು, ನಾನೇ ಹಾಕಿ ಬಂದವಳು. ಕಾಣಲಿಲ್ಲ. ಕಂಬವೇ ಕಾಣಲಿಲ್ಲ. "ಮೈಲಿಗಲ್ಲೇ, ದೀಪ ಆರಿದೆಯಾ ನೋಡು" ಅಂದೆ. ಅವನು ಏಣಿ ಬಿಟ್ಟು ಓಡಿಹೋಗಿ ನೋಡಿ, "ಉರೀತಾ ಇದೆ ಅಮ್ಮಾ" ಎಂದು ಅಲ್ಲಿಂದ ಕೂಗಿದ. ಜನ್ಮದಲ್ಲಿ ಅವನು ಓಡಿದ್ದು ಅದೊಂದೇ ಸಲ.

ಈಗ ನನ್ನ ತಪ್ಪು ಕೇಳಿ. ಹತ್ತೊಂಬತ್ತು ವರ್ಷದಿಂದ ಆ ದೀಪ ನನ್ನ ಕಿಟಕಿಯ ಎದುರಿಗಿದೆ. ಆದರೆ ಅದು ಬರುವ ಗಾಡಿಗೆ ಮುಖ ಮಾಡಿದೆ. ನನಗೆ ಕಾಣುವುದು ಅದರ ಬೆನ್ನು. ಬೆನ್ನಲ್ಲಿ ಸಾಸಿವೆಯಷ್ಟು ಒಂದು ತೂತು. ದೀಪ ಉರಿದರೆ ಆ ತೂತಿನಲ್ಲಿ ಚುಕ್ಕೆ ಕಾಣುತ್ತದೆ. ಬಿಸಿಲಿರಲಿ ಮಳೆಯಿರಲಿ, ಒಂದು ದಿನ ತಪ್ಪಿದ್ದಿಲ್ಲ. ವಿಚಾರಣೆಯವರು "ದೀಪ ಯಾವಾಗಲೂ ಸ್ಪಷ್ಟವಾಗಿ ಕಾಣುತ್ತಾ?" ಅಂದರು. ನನ್ನ ಚುಕ್ಕೆ ನೆನೆದು ಹೌದು ಅಂದೆ. ಸುಳ್ಳು ಹೇಳಲಿಲ್ಲ, ಭಾವ. ಬೆನ್ನು ನೋಡಿಕೊಂಡು ಮುಖಕ್ಕೆ ಸಾಕ್ಷಿ ಹೇಳಿದೆ.

ಹದಿನೆಂಟನೇ ತಾರೀಕೇ ಇಲಾಖೆಗೆ ಬರೆದೆ. ನನ್ನ ಸಾಕ್ಷಿ ತಪ್ಪು, ಸಿಗ್ನಲ್ ಸರಿಸಬೇಕು ಎಂದು. ನಿಮಗೆ ಹೇಳಲಿಲ್ಲ. ಇಲಾಖೆ ಇಲ್ಲ ಅಂದುಬಿಟ್ಟರೆ ನಿಮ್ಮನ್ನು ಎರಡನೇ ಸಲ ಇಳಿಸಿದ ಹಾಗಾಗುತ್ತಿತ್ತು. ನಾನು ಹೇಳಿದರೆ ಸಮಾಧಾನಕ್ಕೆ ಹೇಳಿದೆ ಅನ್ನುತ್ತೀರಿ. ಆಟ ಹೇಳಿದರೆ ನಂಬುತ್ತೀರಿ. ಅದಕ್ಕೇ ಗಾಡಿ ಸೇರಿಸಿ ಎಂದು ಹಟ ಮಾಡಿದೆ. ಉಪ್ಪಲ್ಲ ಅದು. ಉಪ್ಪು ಅಂದುಕೊಳ್ಳಲಿ ಎಂದು ಸುಮ್ಮನಿದ್ದೆ.

ಕಡತ ಗೂಡ್ಸ್ ಗಾಡಿಯ ವೇಗದಲ್ಲಿ ಮೇಜಿನಿಂದ ಮೇಜಿಗೆ ಹೋಗುತ್ತಿದೆ. ಇಲ್ಲಿಯ ತನಕ ಬಂದ ಉತ್ತರ ಒಂದೇ: ಸಾಕ್ಷಿ ಬದಲಿಸಿದ್ದಕ್ಕೆ ನನ್ನ ಮೇಲೆ ಕ್ರಮ ಯಾಕೆ ತೆಗೆದುಕೊಳ್ಳಬಾರದು ಎಂದು ಕೇಳಿದ್ದಾರೆ. ಕೇಳಲಿ.

ಅಕ್ಕ ನನ್ನ ಪತ್ರಗಳನ್ನು ಓದಿದಳಾ?

ಫೆಬ್ರವರಿ 10

ನಾದಿನಿ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಪ್ರತಿ ಸಲವೂ ಒಂದು ತಮಾಷೆ ಹುಡುಕಿದೆ, ಸಿಗಲಿಲ್ಲ. ಆದ್ದರಿಂದ ಇದು ಒಣ ಪತ್ರ.

ಕಂಪನಿಗೆ ಬರೆದು ಪ್ರಸ್ತಾವ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸಿಗ್ನಲ್ ಸರಿಸುವುದು ನನಗೆ ಎರಡು ನಿಮಿಷದ ಕೆಲಸ. ಕಂಪ್ಯೂಟರಿನ ಇಲಿಯನ್ನು ಎಳೆದರೆ ಕಂಬ ಬರುತ್ತದೆ. ಆದರೆ ಸರಿಸಿದರೆ ನಮ್ಮ ಮಾರ್ಗ ಸುಳ್ಳಾಗುತ್ತದೆ. ನಾಳೆ ಯಾರೋ ಆಡಿ, "ದೀಪ ಚೆನ್ನಾಗಿ ಕಾಣುತ್ತಲ್ಲ, ಆ ಚಾಲಕನಿಗೇನಾಗಿತ್ತು?" ಅಂದರೆ, ಆ ಪ್ರಶ್ನೆಯನ್ನು ನಾನೇ ಹುಟ್ಟಿಸಿದ ಹಾಗೆ. ಆಟ ಗೆಲ್ಲಲು ಸಾಕ್ಷಿಯನ್ನು ತಿದ್ದಲಾರೆ. ಮನೆಯಲ್ಲಿ ಈಗಾಗಲೇ ಒಬ್ಬಳು ತಿದ್ದಿ ಸಿಕ್ಕಿಬಿದ್ದಿದ್ದಾಳೆ.

ಸಿಕ್ಕಿತು ನೋಡು, ತಮಾಷೆ.

ಮಾರ್ಚ್ ಹದಿನೈದರ ತನಕ ಕಾದು ಬರೆಯುತ್ತೇನೆ. ಯಾಕೆ ಕಾಯುತ್ತಿದ್ದೇನೋ ಗೊತ್ತಿಲ್ಲ. ಬಲಗಾಲು ಮತ್ತೆ ಶುರುವಾಗಿದೆ. ಕೆಳಗಿನ ಸಾಲುಗಳು ನನ್ನವಲ್ಲ, ಧಾಟಿ ನೋಡಿಕೋ.

ಭಾವ

ಪತ್ರಗಳನ್ನ ಓದಿದೆ. ಅಕ್ಷರ ಈಗಲೂ ಕಾಗೆ ಕಾಲು. ಏಣಿ ಹತ್ತುವಾಗ ಸೆರಗು ಸೊಂಟಕ್ಕೆ ಸಿಕ್ಕಿಸ್ಕೋ. ನಿನ್ನ ಮೇಲೆ ಕ್ರಮ ತಗೊಂಡರೆ ನನಗೆ ತಿಳಿಸು, ಅವರ ಮೂಗು ಹೇಗಿದೆ ಬಂದು ನೋಡ್ತೀನಿ.

ಫೆಬ್ರವರಿ 27

ಭಾವ,

ಅಕ್ಕನ ಸಾಲುಗಳನ್ನು ಮೇಜಿನ ಕೆಳಗೆ ಇಟ್ಟಿಲ್ಲ. ಮೇಜು ಕುಂಟುತ್ತಿದೆ, ಕುಂಟಲಿ.

ಇಲಾಖೆ ತಪ್ಪಿಗೆ ಹೆದರುವುದಿಲ್ಲ, ತಡಕ್ಕೆ ಹೆದರುತ್ತದೆ ಎಂದು ನನಗೆ ತಡವಾಗಿ ಹೊಳೆಯಿತು. ಫೆಬ್ರವರಿ ಮೂರರಿಂದ ದಿನಾ ಸಂಜೆ ಸುರಂಗದ ಬಾಯಲ್ಲಿ ಮೈಲಿಗಲ್ಲನ್ನು ಕೆಂಪು ಬಾವುಟ ಹಿಡಿಸಿ ನಿಲ್ಲಿಸಿದೆ. ಸೂರ್ಯ ಆ ಜಾಗಕ್ಕೆ ಬರುವ ಮುಂಚೆ ತಾಲೀಮು ಎಂದು ಪುಸ್ತಕದಲ್ಲಿ ಬರೆದೆ. ಐದು ನಲವತ್ತರ ಗಾಡಿ ದಿನಾ ಒಂಬತ್ತು ನಿಮಿಷ ತಡ. ಹತ್ತನೇ ದಿನ ದೊಡ್ಡ ಸಾಹೇಬರೇ ಗಾಡಿಯ ಇಂಜಿನ್ನಿನಲ್ಲಿ ಬಂದರು. ಇಳಿದು ಮೈಲಿಗಲ್ಲಿಗೆ "ಬಾವುಟ ಇಳಿಸಯ್ಯಾ" ಅಂದರು. ಅವನು, "ಅಮ್ಮ ಹೇಳದೆ ಅಲುಗಲ್ಲ ಸಾರ್" ಅಂದ.

ಸಾಹೇಬರು ನನ್ನ ಕೋಣೆಯಲ್ಲಿ ಕಡತ ಓದಿದರು. "ಸಿಗ್ನಲ್ ಸರಿಸಿದರೆ ಹಳೇ ತನಿಖೆ ತಪ್ಪು ಅಂತ ಒಪ್ಪಿದ ಹಾಗಾಗುತ್ತೆ ಕಣಮ್ಮ" ಅಂದರು. "ಹೌದು ಸಾರ್," ಅಂದೆ. ಎದ್ದು ಹೋಗಿ ಕಿಟಕಿಯಿಂದ ಆ ದೀಪದ ಬೆನ್ನನ್ನು ಬಗ್ಗಿ ನೋಡಿದರು.

ಇಪ್ಪತ್ತನಾಲ್ಕನೇ ತಾರೀಕು ಸಿಗ್ನಲ್ ಸರಿಸಿದರು. ನಿಮ್ಮ ಪರವಾನಗಿಯ ಬಗ್ಗೆ ಇನ್ನೂ ಒಂದಕ್ಷರ ಇಲ್ಲ. ನನ್ನ ಮೇಲಿನ ಕ್ರಮದ ಬಗ್ಗೆಯೂ ಇಲ್ಲ. ಎರಡೂ ಒಂದೇ ಗೂಡ್ಸಿನಲ್ಲಿ ಬರಬಹುದು.

ನಿನ್ನೆ, ಇಪ್ಪತ್ತಾರು, ಸೂರ್ಯ ಅದೇ ಜಾಗದಲ್ಲಿದ್ದ. ಅಕ್ಟೋಬರ್ ಹದಿನಾರರ ಜಾಗದಲ್ಲಿ. ಸೆರಗು ಸಿಕ್ಕಿಸಿಕೊಂಡೇ ಏಣಿ ಹತ್ತಿದೆ. ಕಡಲು ಕಣ್ಣು ಕುಕ್ಕುತ್ತಿತ್ತು. ಎಡಗಡೆ ಕಪ್ಪು ಬಂಡೆಯ ಮುಂದೆ, ನೆರಳಿನಲ್ಲಿ, ದೀಪ ನನ್ನನ್ನೇ ನೋಡುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಐದು ನಲವತ್ತಕ್ಕೆ ಅದರ ಮುಖ ನೋಡಿದ್ದು ಅದೇ ಮೊದಲು.

ಪ್ರಸ್ತಾವ ಹಿಂದಕ್ಕೆ ತೆಗೆದುಕೊಳ್ಳಬೇಡಿ. ನಕ್ಷೆ ತಿದ್ದಿ: ಅರವತ್ತೊಂದನೇ ಕಿಲೋಮೀಟರು, ಕೊನೆಯ ಸಿಗ್ನಲ್, ಮೊದಲಿದ್ದಲ್ಲಿಂದ ನಲವತ್ತು ಮೀಟರ್ ಸುರಂಗದ ಕಡೆಗೆ. ಸುಳ್ಳಲ್ಲ, ಎರಡು ಸಲ ಅಳೆದಿದ್ದೇನೆ.

ಹನ್ನೊಂದನೇ ಕಲಮಿನ ಹೊಸ ಹಾಳೆ ಇದರ ಜೊತೆಗಿದೆ. ಕೊನೆಯ ಸಾಲು ನೋಡಿ. ಸಹಿ ಹಾಕಿದ್ದೇನೆ.